ಹನ್ನೊಂದು ನೋಟ್‌ಬುಕ್, ಒಂದು ದಬ್ಬಣ

ಮೆಟ್ಟಿಲು ಇಳಿಯುವಾಗ ಕೊನೆಯದೊಂದು ಬಾಕಿ ಇದೆ ಅನ್ನೋದನ್ನು ಮರೆತು ಕಾಲಿಟ್ಟೆ. ಪಾದದ ಗಂಟಿನ ಹತ್ತಿರ ಮೂಳೆ ಬಿರುಕು ಬಿಟ್ಟಿತು. ಆರು ವಾರ ಪ್ಲಾಸ್ಟರ್, ಆಮೇಲೆ ಇನ್ನೂ ಆರು ವಾರ ಊರುಗೋಲು. ಆ ಮೂರು ತಿಂಗಳು ನನ್ನಿಂದ ಆಗದ ಕೆಲಸವನ್ನೆಲ್ಲ ಬೇರೆಯವರು ಬಂದು ಮಾಡಿಕೊಟ್ಟರು. ಅಕ್ಕ ದಿನಾ ಸಂಜೆ ಬರುತ್ತಿದ್ದಳು. ಅಕ್ಕನ ಮಗ ನನ್ನ ಪುಸ್ತಕ, ಚಾರ್ಜರ್, ಕನ್ನಡಕ ಹುಡುಕಿ ಕೊಡುವ ಕೆಲಸವನ್ನು ತಾನೇ ವಹಿಸಿಕೊಂಡಿದ್ದ. ಗೆಳತಿಯೊಬ್ಬಳು ವಾರಕ್ಕೆರಡು ಸಲ ಬಂದು ನನ್ನ ಬಟ್ಟೆ ಒಗೆದು, ಒಣಗಿಸಿ, ಮಡಚಿಟ್ಟು ಹೋಗುತ್ತಿದ್ದಳು. ಎದುರು ಮನೆಯವರು ನಾನು ಕೇಳದೆಯೇ ಕಸದ ಚೀಲ ಇಳಿಸುತ್ತಿದ್ದರು. ದೊಡ್ಡಮ್ಮನಿಗೆ ಬರಲು ಆಗುತ್ತಿರಲಿಲ್ಲ. ದಿನಕ್ಕೆ ಎರಡು ಸಲ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಕಾಲು ಎತ್ತರಕ್ಕೆ ಇಟ್ಕೊಂಡಿದ್ದೀಯಾ ತಾನೆ?"

ಊರುಗೋಲು ಬಿಡುವ ದಿನ ಹತ್ತಿರ ಬಂದಾಗ ಇವರಿಗೆಲ್ಲ ಏನಾದರೂ ಕೊಡಬೇಕು ಅನ್ನಿಸಿತು. ಪಟ್ಟಿ ಮಾಡಿದೆ. ಹನ್ನೊಂದು ಹೆಸರು ಬಂತು. ಆ ಮೂರು ತಿಂಗಳಲ್ಲಿ ಅರ್ಧ ಸಂಬಳವೇ ಕೈಗೆ ಬಂದಿದ್ದು, ಅದೂ ಔಷಧಕ್ಕೆ ಹೋಗಿತ್ತು. ಹನ್ನೊಂದು ಜನರಿಗೆ ಅಂಗಡಿಯಿಂದ ತಂದು ಕೊಡುವ ಮಾತೇ ಇರಲಿಲ್ಲ. ಆದರೆ ಕೂತು ಮಾಡುವ ಕೆಲಸವಾದರೆ ಎಷ್ಟು ಹೊತ್ತು ಬೇಕಾದರೂ ಮಾಡಬಹುದಿತ್ತು. ಸರಿ, ಕೈಯಲ್ಲೇ ಏನಾದರೂ ಮಾಡೋಣ ಅಂದುಕೊಂಡೆ.

ಮೊದಲು ಕೈ ಹಾಕಿದ್ದು ಮೇಣದಬತ್ತಿಗೆ. ನೋಡಲು ಎಷ್ಟು ಸುಲಭ ಅಲ್ವಾ? ಮೇಣ ಕರಗಿಸು, ಬತ್ತಿ ಇಡು, ಸುರಿ. ಬೇಕಾಗುವ ಸಾಮಾನು ಬರೆಯುತ್ತಾ ಹೋದೆ. ಅಚ್ಚು, ಬಣ್ಣ, ಸುವಾಸನೆಯ ಎಣ್ಣೆ, ಥರ್ಮಾಮೀಟರ್, ಬತ್ತಿ ನಿಲ್ಲಿಸುವ ತಗಡಿನ ಬಿಲ್ಲೆ, ಗಾಜಿನ ಲೋಟ. ಕೂಡಿಸಿ ನೋಡಿದರೆ ಅಂಗಡಿಯಿಂದ ಹನ್ನೊಂದು ಒಳ್ಳೆಯ ಮೇಣದಬತ್ತಿ ತರುವುದೇ ಅಗ್ಗ. ಕೈಯಾರೆ ಮಾಡಿದ್ದು ಕಡಿಮೆ ಖರ್ಚಿನದು ಅನ್ನುವ ನಂಬಿಕೆ ಅಲ್ಲೇ ಅರ್ಧ ಕರಗಿತು. ಮೇಣಕ್ಕಿಂತ ಮೊದಲು.

ಹಟ ಬಿಡಲಿಲ್ಲ. ಏನನ್ನೂ ಕೊಳ್ಳದೆ ಮಾಡೋಣ ಅಂತ ಮನೆಯಲ್ಲಿದ್ದ ಮೇಣದಬತ್ತಿಯ ತುಂಡುಗಳನ್ನೆಲ್ಲ ಒಟ್ಟು ಮಾಡಿದೆ. ಕೆಂಪು, ಹಸಿರು, ಹಳದಿ, ಬಿಳಿ. ಖಾಲಿ ಗಾಜಿನ ಬಾಟಲಿಗಳನ್ನು ತೊಳೆದಿಟ್ಟೆ. ಮೇಣವನ್ನು ನೇರವಾಗಿ ಉರಿಯ ಮೇಲಿಟ್ಟು ಕರಗಿಸಬಾರದು ಅನ್ನೋದು ಗೊತ್ತಿತ್ತು. ಜಾಸ್ತಿ ಕಾದರೆ ಅದರ ಹಬೆಗೇ ಬೆಂಕಿ ಹತ್ತಿಕೊಳ್ಳುತ್ತದೆ. ಹತ್ತಿಕೊಂಡರೆ ನೀರು ಸುರಿಯಲೇಬಾರದು, ಉರಿ ಆರಿಸಿ ಮುಚ್ಚಳ ಮುಚ್ಚಬೇಕು. ಹಾಗಾಗಿ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಅದರೊಳಗೆ ಚಿಕ್ಕ ಪಾತ್ರೆ ಇಟ್ಟು ಕರಗಿಸಿದೆ. ಮಾಮೂಲಿ ಮೇಣದಬತ್ತಿಯ ಮೇಣಕ್ಕೆ 60 ಡಿಗ್ರಿ ಆಸುಪಾಸಿನ ಬಿಸಿ ಸಾಕು, ಕುದಿಯುವ ನೀರು ಧಾರಾಳ.

ಕರಗಿತು. ನಾಲ್ಕು ಬಣ್ಣ ಸೇರಿ ಕೆಸರು ಬಣ್ಣವಾಯಿತು. ಇದು ನನಗೆ ಮೊದಲೇ ಹೊಳೆಯಬೇಕಿತ್ತು.

ಬತ್ತಿಗೆ ಹೊಲಿಗೆಯ ಹತ್ತಿ ದಾರ ಹಾಕಿದೆ. ಮೊದಲ ಬಾಟಲಿ ಹಚ್ಚಿದಾಗ ಬತ್ತಿಯ ಸುತ್ತ ಮಾತ್ರ ಮೇಣ ಕರಗಿ ಬಾವಿಯಂತೆ ತೂತಾಯಿತು. ಜ್ವಾಲೆ ಆ ಬಾವಿಯೊಳಗೆ ಇಳಿದು ತನ್ನ ಮೇಣದಲ್ಲೇ ಮುಳುಗಿ ಆರಿತು. ಬತ್ತಿ ತೆಳುವಾದರೆ ಹೀಗೇ ಆಗುತ್ತದಂತೆ. ಅಂಚಿನವರೆಗೂ ಮೇಣ ಕರಗಿಸುವಷ್ಟು ಬಿಸಿ ಅದಕ್ಕೆ ಬರುವುದಿಲ್ಲ. ಎರಡನೆಯದಕ್ಕೆ ಮೂರು ಎಳೆ ಸೇರಿಸಿ ಜಡೆ ಹೆಣೆದೆ. ಅದು ಉರಿಯಿತು, ಆದರೆ ಗೋಡೆಗೆ ಮಸಿ ಬಳಿಯಿತು. ಮೂರನೆಯದು ಆರುವಾಗ ನಡುವೆ ಕುಳಿ ಬಿತ್ತು, ಯಾಕೆಂದರೆ ಮೇಣ ಗಟ್ಟಿಯಾಗುವಾಗ ಕುಗ್ಗುತ್ತದೆ, ಮೇಲಿಂದ ಇನ್ನೊಂದಿಷ್ಟು ಸುರಿದು ತುಂಬಬೇಕು. ನಾಲ್ಕನೆಯದಕ್ಕೆ ಮೇಣ ಸುರಿದ ಕೂಡಲೇ ಗಾಜು ಟಕ್ ಅಂತ ಸೀಳಿತು. ತಣ್ಣಗಿನ ಬಾಟಲಿ, ಬಿಸಿ ಮೇಣ.

ಅಕ್ಕ ಬಂದು ಗ್ಯಾಸ್ ಕಟ್ಟೆ ನೋಡಿದಳು. "ಇದನ್ನ ಯಾರಿಗೆ ಕೊಡ್ತೀಯಾ?" ಅಂದಳು. ನಾನು ಉತ್ತರ ಕೊಡಲಿಲ್ಲ. ಕಟ್ಟೆಯ ಮೇಲಿನ ಮೇಣ ಕೆರೆದು ತೆಗೆಯಲು ಎರಡು ದಿನ ಹಿಡಿಯಿತು. ಹಳೆಯ ಎಟಿಎಂ ಕಾರ್ಡು ಆ ಕೆಲಸಕ್ಕೆ ಚೆನ್ನಾಗಿ ಬಂತು.

ಕಾಗದದ ಯೋಚನೆ ಬಂದದ್ದು ಕಾಗದದಿಂದಲೇ. ಮಂಚದ ಕೆಳಗೆ ಒಂದು ಪೆಟ್ಟಿಗೆ ಇತ್ತು. ವರ್ಷಗಟ್ಟಲೆ ಕೂಡಿಟ್ಟ, ಒಂದೇ ಬದಿ ಪ್ರಿಂಟ್ ಆದ ಎ4 ಹಾಳೆಗಳು. "ಹಿಂಬದಿ ಖಾಲಿ ಇದೆ, ಯಾವುದಕ್ಕಾದರೂ ಬರುತ್ತೆ" ಅಂತ ಇಟ್ಟಿದ್ದು ಯಾವುದಕ್ಕೂ ಬಂದಿರಲಿಲ್ಲ. ಎಣಿಸಿದರೆ 400ಕ್ಕಿಂತ ಹೆಚ್ಚು. ಇದರಿಂದ ನೋಟ್‌ಬುಕ್ ಮಾಡಿದರೆ? ಸರಿ, ಆದರೆ ಒಂದು ಪುಟ ಬಿಟ್ಟು ಒಂದು ಪುಟದಲ್ಲಿ ಯಾವುದೋ ಹಳೆ ಬಿಲ್ಲು, ಯಾವುದೋ ಅರ್ಜಿ ಇಣುಕುವ ನೋಟ್‌ಬುಕ್ಕನ್ನು ಉಡುಗೊರೆ ಅಂತ ಕೊಡುವುದು ಹೇಗೆ?

ಇದಕ್ಕೆ ಒಂದು ಹಳೆಯ ದಾರಿ ಇದೆ. ಚೀನಾ, ಜಪಾನ್ ಕಡೆ ಹಿಂದೆ ತೆಳುವಾದ ಕಾಗದದ ಒಂದೇ ಬದಿಗೆ ಅಚ್ಚು ಹಾಕುತ್ತಿದ್ದರು. ಅಚ್ಚಾದ ಬದಿ ಹೊರಗೆ ಬರುವ ಹಾಗೆ ಹಾಳೆಯನ್ನು ನಡುವೆ ಮಡಚಿ, ಮಡಿಕೆಯನ್ನು ಓದುವವರ ಕಡೆ ಬಿಟ್ಟು, ತೆರೆದಿರುವ ಅಂಚುಗಳನ್ನು ಬೆನ್ನಿನ ಕಡೆ ಸೇರಿಸಿ ಹೊಲಿಯುತ್ತಿದ್ದರು. ಪ್ರತಿ ಹಾಳೆಯೂ ಒಂದು ಜೇಬಿನ ಹಾಗೆ. ನಾನು ಅದನ್ನೇ ತಿರುಗಿಸಿದೆ. ಪ್ರಿಂಟ್ ಆದ ಬದಿ ಒಳಗೆ, ಖಾಲಿ ಬದಿ ಹೊರಗೆ. ಹಳೆ ಬಿಲ್ಲು ಜೇಬಿನೊಳಗೆ ಅಡಗುತ್ತದೆ. ಮೂವತ್ತು ಹಾಳೆ ಮಡಚಿದರೆ ಅರವತ್ತು ಖಾಲಿ ಪುಟ.

ಎ4 ಹಾಳೆ ಮಡಚುತ್ತಾ ಕೂತಾಗ ಒಂದು ವಿಷಯ ಗಮನಕ್ಕೆ ಬಂತು. ಅರ್ಧ ಮಾಡಿದರೂ ಆಕಾರ ಹಾಗೇ ಇರುತ್ತದೆ, ಗಾತ್ರ ಮಾತ್ರ ಚಿಕ್ಕದು. ಬೇರೆ ಕಾಗದ ಹಾಗಲ್ಲ, ಮಡಚಿದರೆ ಒಂದು ಸಲ ಉದ್ದ, ಇನ್ನೊಂದು ಸಲ ಚೌಕ. ಎ4 ಹೀಗಿರಲು ಕಾರಣ ಉದ್ದಕ್ಕೂ ಅಗಲಕ್ಕೂ ಇರುವ ಲೆಕ್ಕ: ಉದ್ದ ಅಗಲದ ಸುಮಾರು 1.41 ಪಟ್ಟು, ಅಂದರೆ 2ರ ವರ್ಗಮೂಲದಷ್ಟು. ಜರ್ಮನಿಯ ಲಿಕ್ಟೆನ್‌ಬರ್ಗ್ ಅನ್ನುವ ವಿಜ್ಞಾನಿ 1786ರಲ್ಲೇ ಒಂದು ಪತ್ರದಲ್ಲಿ ಈ ಅಳತೆಯ ಅನುಕೂಲ ಬರೆದಿದ್ದ. 1922ರಲ್ಲಿ ಅದು ಜರ್ಮನಿಯ ಪ್ರಮಾಣಿತ ಅಳತೆಯಾಯಿತು. ಇದು ತಿಳಿದು ನನ್ನ ನೋಟ್‌ಬುಕ್ಕೇನೂ ಚೆಂದವಾಗಲಿಲ್ಲ. ಆದರೆ 300 ಸಲ ಒಂದೇ ಮಡಿಕೆ ಹಾಕುವವರಿಗೆ ತಲೆಯಲ್ಲಿ ಏನಾದರೂ ಓಡುತ್ತಿರಬೇಕಲ್ಲ.

ಮಡಚುವ ಮೊದಲು ಹಾಳೆಗಳನ್ನು ಆರಿಸಿದೆ. ಈ ಕೆಲಸ ಬಿಡಬೇಡಿ. ಬ್ಯಾಂಕ್ ಖಾತೆ, ಗುರುತಿನ ಚೀಟಿ, ಬೇರೆಯವರ ಫೋನ್ ನಂಬರ್, ವೈದ್ಯರ ಚೀಟಿ ಇರುವ ಹಾಳೆಗಳನ್ನೆಲ್ಲ ಪಕ್ಕಕ್ಕೆ ತೆಗೆದು ಹರಿದುಹಾಕಿದೆ. ಜೇಬಿನೊಳಗೆ ಇಣುಕಿ ನೋಡುವ ಜನ ಇದ್ದೇ ಇರುತ್ತಾರೆ. ದಪ್ಪ ಕಪ್ಪು ಪ್ರಿಂಟ್ ಇದ್ದವನ್ನೂ ತೆಗೆದೆ, ಅದು ಹೊರಬದಿಗೆ ಮಸುಕಾಗಿ ಕಾಣುತ್ತದೆ. ಕೊನೆಗೆ ಉಳಿದದ್ದು ಸುಮಾರು 310 ಹಾಳೆ.

ಮಡಿಕೆ ಹಾಕಲು ಚಮಚದ ಬೆನ್ನು ಸಾಕು. ಬೈಂಡಿಂಗ್ ಮಾಡುವವರು ಇದಕ್ಕೆ ಮೂಳೆಯಿಂದ ಮಾಡಿದ ಒಂದು ಪಟ್ಟಿ ಇಟ್ಟುಕೊಂಡಿರುತ್ತಾರೆ. ಚಮಚದಲ್ಲಿ ಒಂದು ಸಲ ಗಟ್ಟಿಯಾಗಿ ಎಳೆದರೆ ಮಡಿಕೆ ಕತ್ತಿಯ ಅಂಚಿನಂತೆ ಕೂರುತ್ತದೆ. ಬೆರಳಲ್ಲಿ ಎಳೆದರೆ ಐವತ್ತು ಹಾಳೆ ಆಗುವಷ್ಟರಲ್ಲಿ ಬೆರಳೇ ಉರಿಯುತ್ತದೆ. ಗೊತ್ತಾದದ್ದು ಉರಿದ ಮೇಲೆ.

ಮೊದಲ ನೋಟ್‌ಬುಕ್ ಹಾಳಾಯಿತು. ಮೂವತ್ತು ಹಾಳೆ ಸಮ ಮಾಡಿ, ಬೆನ್ನಿನ ಅಂಚಿನಿಂದ ಒಂದೂಕಾಲು ಸೆಂಟಿಮೀಟರ್ ಒಳಗೆ ಗೆರೆ ಎಳೆದು, ನಾಲ್ಕು ಚುಕ್ಕೆ ಇಟ್ಟೆ. ಹಳೆಯ ಬಟ್ಟೆ ನಾಲ್ಕು ಮಡಿಕೆ ಮಾಡಿ ಕೆಳಗೆ ಹಾಸಿ, ದಬ್ಬಣ ಇಟ್ಟು ಸುತ್ತಿಗೆಯಲ್ಲಿ ಹೊಡೆದೆ. ಮೇಲಿನ ಹಾಳೆಯಲ್ಲಿ ತೂತು ಸರಿಯಾಗೇ ಇತ್ತು. ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಅರ್ಧ ಸೆಂಟಿಮೀಟರ್ ಪಕ್ಕಕ್ಕೆ ಹೋಗಿದೆ. ದಬ್ಬಣ ಸ್ವಲ್ಪ ವಾಲಿದರೂ ಮೂವತ್ತು ಹಾಳೆಯ ಕೆಳಗೆ ಹೋಗುವಷ್ಟರಲ್ಲಿ ಆ ವಾಲು ದೊಡ್ಡದಾಗುತ್ತದೆ. ಸಾಲದ್ದಕ್ಕೆ ಹೊಡೆತಕ್ಕೆ ಹಾಳೆಗಳೂ ಜಾರಿದ್ದವು. ಅಮ್ಮ ಬಟ್ಟೆ ಒಣಹಾಕುವ ಕ್ಲಿಪ್ಪು ತಂದು ಎರಡೂ ಕಡೆ ಹಾಕಿದರು. "ಒಂದೇ ಸಲ ಯಾಕೆ ಹೊಡಿತೀಯಾ, ಹತ್ತತ್ತು ಹಾಳೆ ಹೊಡಿ" ಅಂದರು. ಒಂದು ಹಾಳೆಗೆ ಅಳತೆ ಹಾಕಿ ತೂತು ಮಾಡಿಟ್ಟುಕೊಂಡು, ಅದನ್ನೇ ಪ್ರತಿ ಹತ್ತು ಹಾಳೆಯ ಮೇಲಿಟ್ಟು ಹೊಡೆದೆ. ಆ ಒಂದು ಹಾಳೆಯೇ ಆಮೇಲಿನ ನೋಟ್‌ಬುಕ್ಕುಗಳಿಗೂ ಅಳತೆಯಾಯಿತು. ಕೊನೆಗೆ ಅದರ ತೂತುಗಳು ಬಟನ್ ಹೋಗುವಷ್ಟು ದೊಡ್ಡದಾಗಿದ್ದವು.

ಹೊಲಿಗೆ ಕಷ್ಟವಲ್ಲ, ಆದರೆ ಓದಿ ಅರ್ಥವಾಗುವಂಥದ್ದೂ ಅಲ್ಲ. ಕೈಯಲ್ಲಿ ಹಾಳೆ ಹಿಡಿದುಕೊಂಡು ಕೇಳಿ. ಮೇಲಿನಿಂದ ಎರಡನೆಯ ತೂತಿನಲ್ಲಿ ಶುರು. ದಾರದ ಬಾಲ ಹಾಳೆಗಳ ನಡುವೆ ಅಡಗಿರಲಿ. ಸೂಜಿ ತೂತಿನಿಂದ ಹೊರಗೆ ಬಂದು, ಬೆನ್ನನ್ನು ಒಂದು ಸುತ್ತು ಹಾಕಿ, ಮತ್ತೆ ಅದೇ ತೂತಿಗೆ ಹೋಗುತ್ತದೆ. ಆಮೇಲೆ ಪಕ್ಕದ ತೂತು. ಅಲ್ಲೂ ಬೆನ್ನಿಗೆ ಒಂದು ಸುತ್ತು. ಕೊನೆಯ ತೂತಿನಲ್ಲಿ ಬೆನ್ನಿಗೊಂದು, ಪುಸ್ತಕದ ಬುಡಕ್ಕೊಂದು, ಎರಡು ಸುತ್ತು. ವಾಪಸು ಬರುವಾಗ ಹೋಗುವಾಗ ಬಿಟ್ಟ ಖಾಲಿ ಜಾಗ ತುಂಬುತ್ತಾ ಬರುತ್ತದೆ. ತಲೆಯ ಕಡೆಯ ತೂತಿನಲ್ಲೂ ಎರಡು ಸುತ್ತು ಹಾಕಿ, ಶುರು ಮಾಡಿದಲ್ಲಿಗೆ ಬಂದು ಗಂಟು. ಪೂರ್ತಿಯಾದಾಗ ಬೆನ್ನಿನ ಮೇಲೆ ಏಣಿಯಂಥ ಗೆರೆಗಳು ಕಾಣುತ್ತವೆ. ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಅಂತ ಗೊತ್ತೇ ಆಗುವುದಿಲ್ಲ. ಮೊದಲ ಸಲ ಅದು ಸರಿಯಾಗಿ ಕೂತಾಗ ನಾನು ಊರುಗೋಲು ಮರೆತು ಎದ್ದು ಅಮ್ಮನಿಗೆ ತೋರಿಸಲು ಹೊರಟಿದ್ದೆ.

ದಾರ ಎಷ್ಟು ಬೇಕು? ನಾನು ಬೆನ್ನಿನ ಉದ್ದದ ಮೂರು ಪಟ್ಟು ತೆಗೆದುಕೊಂಡಿದ್ದೆ. ಗಂಟು ಹಾಕುವ ಹೊತ್ತಿಗೆ ಹಿಡಿಯಲು ಒಂದು ಬೆರಳಷ್ಟೂ ಉಳಿಯಲಿಲ್ಲ, ಪೂರ್ತಿ ಬಿಚ್ಚಬೇಕಾಯಿತು. ನಾಲ್ಕು ಪಟ್ಟು ಇರಲಿ. ಹೊಲಿಗೆಯ ದಾರ ಒಂಟಿ ಎಳೆಯಾದರೆ ಕಾಗದವನ್ನೇ ಕೊಯ್ಯುತ್ತದೆ, ದಪ್ಪ ಹತ್ತಿ ದಾರ ಒಳ್ಳೆಯದು. ಅದನ್ನು ಮೇಣದ ತುಂಡಿನ ಮೇಲೆ ಎರಡು ಸಲ ಎಳೆದುಕೊಂಡರೆ ಸಿಕ್ಕಾಗುವುದಿಲ್ಲ, ಗಂಟು ಜಾರುವುದೂ ಇಲ್ಲ. ಹೌದು, ಆ ಕೆಸರು ಬಣ್ಣದ ಮೇಣ ಕೊನೆಗೂ ಒಂದು ಕೆಲಸಕ್ಕೆ ಬಂತು.

ಇಷ್ಟಾದ ಮೇಲೆ ದೊಡ್ಡಮ್ಮನದು ಬೇರೆಯೇ ತಲೆನೋವಾಯಿತು. ಹೀಗೆ ಅಂಚಿನಲ್ಲಿ ಹೊಲಿದ ಪುಸ್ತಕ ಪೂರ್ತಿ ಚಪ್ಪಟೆಯಾಗಿ ತೆರೆದುಕೊಳ್ಳುವುದಿಲ್ಲ. ಒಂದು ಕೈಯಲ್ಲಿ ಒತ್ತಿ ಹಿಡಿದೇ ಬರೆಯಬೇಕು. ದೊಡ್ಡಮ್ಮನ ಕೈ ನಡುಗುತ್ತದೆ, ಕಣ್ಣೂ ಮಂದ. ಅವರಿಗೆ ಮೇಜಿನ ಮೇಲೆ ಇಟ್ಟರೆ ತಾನಾಗಿ ತೆರೆದು ಬಿದ್ದುಕೊಳ್ಳುವ ಪುಸ್ತಕ ಬೇಕು. ಅಂದರೆ ಹಾಳೆಗಳನ್ನು ಒಂದರೊಳಗೊಂದು ಮಡಚಿ, ನಡುವಿನ ಮಡಿಕೆಯಲ್ಲೇ ಹೊಲಿಯಬೇಕು. ಇದಕ್ಕೆ ಒಂದು ಬದಿ ಪ್ರಿಂಟ್ ಆದ ಹಾಳೆ ನಡೆಯುವುದಿಲ್ಲ. ಎರಡೂ ಬದಿ ಖಾಲಿ ಇರುವ ಹನ್ನೆರಡು ಹಾಳೆಯನ್ನು ಪೆಟ್ಟಿಗೆಯ ತಳದಿಂದ ಹುಡುಕಿ ತೆಗೆದೆ.

ಹನ್ನೆರಡು ಹಾಳೆ ಒಂದರೊಳಗೊಂದು ಕೂತಾಗ ಒಳಗಿನವು ಹೊರಗಿನವಕ್ಕಿಂತ ಒಂದೂವರೆ ಮಿಲಿಮೀಟರ್‌ನಷ್ಟು ಮುಂದೆ ಚಾಚಿದವು. ಪ್ರತಿ ಹಾಳೆಯ ದಪ್ಪ ಮುಂದಿನದನ್ನು ತಳ್ಳುತ್ತದೆ, ಅಷ್ಟೇ. ಕಟ್ಟರ್‌ನಲ್ಲಿ ಕೊಯ್ದು ಸಮ ಮಾಡಬೇಕು. ಈ ತೊಂದರೆ ನನ್ನೊಬ್ಬಳದಲ್ಲ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಅನ್ನುವ ಊರಿನ ಹತ್ತಿರ ಒಂದು ಮಣ್ಣಿನ ಜಾಡಿಯೊಳಗೆ ಪ್ಯಾಪಿರಸ್, ಅಂದರೆ ಜೊಂಡಿನಿಂದ ಮಾಡಿದ ಕಾಗದದ ಹಳೆಯ ಪುಸ್ತಕಗಳು ಸಿಕ್ಕವು. ಸುಮಾರು 4ನೇ ಶತಮಾನದವು. ಬಹುತೇಕ ಎಲ್ಲವೂ ನನ್ನ ದೊಡ್ಡಮ್ಮನ ಪುಸ್ತಕದ ಹಾಗೆ ಒಂದೇ ಕಟ್ಟಿನವು, ನಡುವೆ ಮಡಚಿ ಹೊಲಿದವು. ಅವುಗಳ ಒಳಗಿನ ಹಾಳೆಗಳೂ ಹೊರಗಿನವಕ್ಕಿಂತ ಅಗಲ ಕಡಿಮೆ. ಅದಕ್ಕಿಂತ ನನಗೆ ಖುಷಿ ಕೊಟ್ಟದ್ದು ಬೇರೆ. ಆ ಪುಸ್ತಕಗಳ ಚರ್ಮದ ಹೊದಿಕೆ ಗಟ್ಟಿಯಾಗಲಿ ಅಂತ ಒಳಗೆ ಬಳಸಿ ಬಿಸಾಡಿದ ಪ್ಯಾಪಿರಸ್ ಚೂರುಗಳನ್ನು ಅಂಟಿಸಿದ್ದರು. ಹಳೆಯ ಕಾಗದಪತ್ರ, ಲೆಕ್ಕದ ಚೀಟಿ. ಅವುಗಳಲ್ಲಿ ಕೆಲವದರ ಮೇಲಿದ್ದ ತಾರೀಕಿನಿಂದಲೇ ಪುಸ್ತಕದ ಕಾಲ ಊಹಿಸಲು ಆದದ್ದು. ಮಂಚದ ಕೆಳಗೆ ರದ್ದಿ ಕೂಡಿಡುವ ಬುದ್ಧಿ ನಮ್ಮ ಮನೆಯದಷ್ಟೇ ಅಲ್ಲ ಅಂತ ಅಮ್ಮನಿಗೆ ಹೇಳಿದೆ. "ಜಾಡಿಯಲ್ಲಿಟ್ಟರೆ ಇಡು, ಮಂಚದ ಕೆಳಗೆ ಬೇಡ" ಅಂದರು.

ದೊಡ್ಡಮ್ಮನ ಪುಸ್ತಕಕ್ಕೆ ರಟ್ಟಿನ ಹೊದಿಕೆ ಹಾಕಬೇಕು ಅಂದುಕೊಂಡೆ. ರಟ್ಟು ಹಳೆಯ ಶರ್ಟಿನ ಪೆಟ್ಟಿಗೆಯದು. ಮೇಲೆ ಅಂಟಿಸಲು ಹಳೆಯ ಹತ್ತಿ ಶರ್ಟಿನ ಬೆನ್ನಿನ ಬಟ್ಟೆ. ಅಂಟಿಗೆ ಮೈದಾ. ಒಂದು ಅಳತೆ ಹಿಟ್ಟಿಗೆ ಐದು ಅಳತೆ ನೀರು, ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವುತ್ತಿದ್ದರೆ ಬಿಳಿ ಹೋಗಿ ಮಸುಕು ಗಾಜಿನಂತಾಗುತ್ತದೆ. ಆಗ ಇಳಿಸಬೇಕು. ಈ ಅಂಟಿಗೆ ಜಿರಳೆ ಬರುತ್ತದೆ ಅಂತ ಹಳೆಯ ಬೈಂಡರ್‌ಗಳು ಅದಕ್ಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ. ಮನೆಯಲ್ಲಿ ಮಕ್ಕಳು ಓಡಾಡುತ್ತಿರುವಾಗ ನಾನು ಅದರ ಗೊಡವೆಗೆ ಹೋಗಲಿಲ್ಲ. ತೆಳ್ಳಗೆ ಹಚ್ಚಿ ಚೆನ್ನಾಗಿ ಒಣಗಿಸಿದರೆ ಸಾಕು ಅಂದುಕೊಂಡೆ.

ರಾತ್ರಿ ಅಂಟಿಸಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ರಟ್ಟು ಹಪ್ಪಳದಂತೆ ಬಾಗಿ ನಿಂತಿದೆ. ಬಟ್ಟೆ ಅಂಟಿನ ನೀರು ಕುಡಿದು ಹಿಗ್ಗಿತ್ತು, ಒಣಗುವಾಗ ಕುಗ್ಗಿ ರಟ್ಟನ್ನೂ ತನ್ನ ಕಡೆ ಎಳೆದಿತ್ತು. ಅದನ್ನು ಬಲವಂತವಾಗಿ ಹಿಂದಕ್ಕೆ ಬಗ್ಗಿಸಲು ಹೋದೆ. ಚಟ್ ಅಂತ ಮುರಿಯಿತು. ಎರಡನೆಯ ಸಲ ಒಳಬದಿಗೂ ಒಂದು ಕಾಗದ ಅಂಟಿಸಿದೆ. ಈಗ ಎರಡೂ ಕಡೆಯಿಂದ ಎಳೆತ. ಮೇಲೆ ದಪ್ಪ ಪುಸ್ತಕಗಳನ್ನು ಹೇರಿ, ಅಂಟು ಹೊರಗೆ ಬಂದು ಹಿಡಿದುಕೊಳ್ಳದ ಹಾಗೆ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು, ಎರಡು ರಾತ್ರಿ ಬಿಟ್ಟೆ. ಚಪ್ಪಟೆಯಾಗಿ ಬಂತು.

ಇನ್ನೊಂದು ಗುಟ್ಟು ಇದೇ ಹೊತ್ತಿಗೆ ತಿಳಿಯಿತು. ಬಟ್ಟೆಗೆ ನೇಯ್ಗೆಯ ದಿಕ್ಕು ಇರುವ ಹಾಗೆ ಕಾಗದಕ್ಕೂ ರಟ್ಟಿಗೂ ನಾರಿನ ದಿಕ್ಕು ಇದೆ. ಯಂತ್ರದಲ್ಲಿ ಕಾಗದ ಓಡುವಾಗ ನಾರುಗಳು ಹೆಚ್ಚಾಗಿ ಒಂದೇ ಕಡೆ ಮಲಗುತ್ತವೆ. ಹಳೆಯ ಪತ್ರಿಕೆ ಹರಿದು ನೋಡಿ. ಒಂದು ಕಡೆ ನೇರವಾಗಿ ಹರಿಯುತ್ತದೆ, ಇನ್ನೊಂದು ಕಡೆ ಅಡ್ಡಾದಿಡ್ಡಿ. ರಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸಿದರೂ ಗೊತ್ತಾಗುತ್ತದೆ, ಒಂದು ದಿಕ್ಕಿಗೆ ಸುಲಭವಾಗಿ ಬಗ್ಗುತ್ತದೆ. ಹಾಗೆ ಸುಲಭವಾಗಿ ಬಗ್ಗುವಾಗ ಮಡಿಕೆ ಬೀಳುವ ಗೆರೆ ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿ ಇರಬೇಕು. ನನ್ನ ಮೊದಲ ರಟ್ಟು ಅಡ್ಡ ಇತ್ತು. ಮಾಮೂಲಿ ಎ4 ಹಾಳೆಯಲ್ಲಿ ನಾರು ಸಾಮಾನ್ಯವಾಗಿ ಉದ್ದಕ್ಕೆ ಮಲಗಿರುತ್ತದೆ, ನಾವು ಅದನ್ನು ಅಡ್ಡ ಮಡಚುತ್ತೇವೆ. ಹಾಗಾಗಿ ಮಡಿಕೆ ಸ್ವಲ್ಪ ಬಾಯಿ ಬಿಡುತ್ತಲೇ ಇರುತ್ತದೆ. ಇದಕ್ಕೆ ಔಷಧ ಇಲ್ಲ. ಒಂದು ದಿನ ಭಾರ ಹೇರಿಟ್ಟರೆ ತಕ್ಕಮಟ್ಟಿಗೆ ಬಾಯಿ ಮುಚ್ಚುತ್ತದೆ.

ಉಳಿದ ಹತ್ತಕ್ಕೆ ರಟ್ಟು ಹಾಕುವ ಗೋಜಿಗೆ ಹೋಗಲಿಲ್ಲ. ಹಳೆಯ ಕ್ಯಾಲೆಂಡರ್‌ನ ದಪ್ಪ ಹಾಳೆ, ಚಿತ್ರದ ಬದಿ ಒಳಗೆ. ಒಂದೆರಡಕ್ಕೆ ಚಿತ್ರದ ಬದಿ ಹೊರಗೆ.

ಮೊದಲ ನೋಟ್‌ಬುಕ್ಕಿಗೆ ಐದು ಗಂಟೆ ಹಿಡಿದಿತ್ತು, ಹಾಳಾದದ್ದು ಬಿಟ್ಟು. ಕೊನೆಯದಕ್ಕೆ ಒಂದು ಗಂಟೆ ಹತ್ತು ನಿಮಿಷ. ನಡುವೆ ನಾನೇನು ಜಾಣೆಯಾದೆ ಅಂತಲ್ಲ. ಒಂದು ದಿನ ಬರೀ ಮಡಚಿದೆ, ಒಂದು ದಿನ ಬರೀ ತೂತು ಹೊಡೆದೆ, ಹೊಲಿಗೆ ಬೇರೆ ದಿನ. ಹನ್ನೊಂದು ಜನರಿಗೆ ಹನ್ನೊಂದು ಥರದ ವಸ್ತು ಮಾಡಲು ಹೋಗಿದ್ದರೆ ಹನ್ನೊಂದು ಸಲವೂ ಐದೈದು ಗಂಟೆಯೇ ಆಗುತ್ತಿತ್ತು, ಹನ್ನೊಂದು ಥರದ ಸಾಮಾನೂ ಬೇಕಾಗುತ್ತಿತ್ತು. ಖರ್ಚು ಅಂತ ಆದದ್ದು ಒಂದು ಉಂಡೆ ದಪ್ಪ ದಾರ, ಒಂದು ಕಟ್ಟರ್ ಬ್ಲೇಡು. ದಬ್ಬಣ ಮನೆಯಲ್ಲೇ ಇತ್ತು, ಗೋಣಿಚೀಲ ಹೊಲಿಯುವುದು.

ವಸ್ತು ಒಂದೇ ಆದರೂ ತೆಗೆದುಕೊಳ್ಳುವವರು ಬೇರೆ ಬೇರೆ ಅಲ್ವಾ. ಅಪ್ಪನದನ್ನು ಎ4 ಹಾಳೆಯನ್ನೇ ಅರ್ಧ ಕೊಯ್ದು ಅಂಗಿ ಜೇಬಿಗೆ ಹಿಡಿಯುವಂತೆ ಮಾಡಿದೆ. ಬೆನ್ನಿನ ಹೊಲಿಗೆಗೆ ಒಂದು ದಾರದ ಕುಣಿಕೆ ಬಿಟ್ಟೆ, ಪೆನ್ನು ಸಿಕ್ಕಿಸಲು. ಅವರು ಯಾವಾಗಲೂ ಲೆಕ್ಕ ಬರೆಯುವುದು ಲಕೋಟೆಯ ಹಿಂಬದಿಯಲ್ಲಿ, ಪೆನ್ನು ಯಾವಾಗಲೂ ಕಳೆದಿರುತ್ತದೆ. ದೊಡ್ಡಮ್ಮನದಕ್ಕೆ ಎರಡು ಸೆಂಟಿಮೀಟರ್‌ಗೊಂದರಂತೆ ಕಪ್ಪು ಗೆರೆ ಎಳೆದು, ಮೊದಲ ನಾಲ್ಕು ಪುಟದಲ್ಲಿ ಮನೆಯವರೆಲ್ಲರ ಫೋನ್ ನಂಬರನ್ನು ಹೆಬ್ಬೆರಳಿನಷ್ಟು ದೊಡ್ಡ ಅಂಕಿಯಲ್ಲಿ ಬರೆದೆ. ಅಕ್ಕನ ಮಗನಿಗೆ ಮೊದಲ ಸಲ ಹಾಳಾಗಿತ್ತಲ್ಲ, ತೂತು ಸೊಟ್ಟಾದದ್ದು, ಅದನ್ನೇ ಸರಿಮಾಡಿ ಕೊಟ್ಟೆ, ಅವನೇ ಕೇಳಿದ. ಗೆಳತಿಯದು ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು. ನೀಲಿ ಕವರ್, ಬಿಳಿ ದಾರ, ಹೊಲಿಗೆಯಲ್ಲಿ ಒಂದು ಎಳೆಯೂ ಆಚೀಚೆ ಇಲ್ಲ. ಅದರಲ್ಲಿ ಏನನ್ನೂ ಬರೆಯಲಿಲ್ಲ. ಹಾಗೇ ಕೊಟ್ಟೆ.

ಎಲ್ಲರೂ ಖುಷಿಪಟ್ಟರು. ಖುಷಿಪಡದೆ ಏನು ಮಾಡುತ್ತಾರೆ, ಎದುರಿಗೇ ನಿಂತಿದ್ದೆನಲ್ಲ. ನಿಜ ತಿಳಿದದ್ದು ನಾಲ್ಕು ತಿಂಗಳ ಮೇಲೆ, ಮನೆಮನೆಗೆ ಹೋದಾಗ. ಎದುರು ಮನೆಯಲ್ಲಿ ನೋಟ್‌ಬುಕ್ ಷೋಕೇಸಿನೊಳಗೆ ಇತ್ತು, ಗಾಜಿನ ಹಿಂದೆ. ಅಕ್ಕ ಅದನ್ನು ಒಳ್ಳೆ ಬಟ್ಟೆಗಳ ನಡುವೆ ಇಟ್ಟಿದ್ದಳು. "ಹಾಳಾಗಬಾರದು ಅಂತ" ಅಂದಳು. ಹನ್ನೊಂದರಲ್ಲಿ ಬಳಕೆಯಾಗುತ್ತಿದ್ದದ್ದು ಮೂರು. ದೊಡ್ಡಮ್ಮನದು ಫೋನಿನ ಪಕ್ಕದಲ್ಲೇ ತೆರೆದು ಬಿದ್ದಿತ್ತು. ನನ್ನ ನಂಬರುಗಳ ಕೆಳಗೆ ಅವರು ಗ್ಯಾಸಿನವನದು, ಔಷಧ ಅಂಗಡಿಯದು ಸೇರಿಸಿದ್ದರು, ಅಕ್ಷರ ಗೆರೆ ದಾಟಿ ಹೋಗಿತ್ತು. ಅಪ್ಪನದರ ಕವರ್ ಬೆವರಿಗೆ ಮೆತ್ತಗಾಗಿ ಮೂಲೆ ಹರಿದಿತ್ತು. ಅವರಿಗೆ ಕೊಡುವ ದಿನವೇ ನಾನು ಅದರಲ್ಲಿ ಯಾರಿಗೋ ವಿಳಾಸ ಬರೆದು ಹಾಳೆ ಕಿತ್ತು ಕೊಟ್ಟಿದ್ದೆ.

ಅಕ್ಕನ ಮಗನದು ನೋಡಬೇಕಿತ್ತು. ಅವನು ಹಾಳೆಗಳು ಜೇಬು ಅನ್ನುವುದನ್ನು ಎರಡನೆಯ ದಿನವೇ ಕಂಡುಹಿಡಿದಿದ್ದ. ಕೆಳಗಿನ ಬಾಯಿಯನ್ನು ಅಂಟು ಹಾಕಿ ಮುಚ್ಚಿ, ಒಂದೊಂದರಲ್ಲೂ ಒಂದೊಂದು ತುರುಕಿದ್ದ. ಬಸ್ ಟಿಕೆಟ್, ಒಣ ಎಲೆ, ಚಾಕೊಲೇಟಿನ ಬೇಗಡೆ, ಒಂದು ಹಲ್ಲು. ಪುಸ್ತಕ ಇಷ್ಟು ದಪ್ಪ ಉಬ್ಬಿ ರಬ್ಬರ್ ಬ್ಯಾಂಡ್ ಹಾಕಿಕೊಂಡಿತ್ತು. ಹಲ್ಲು ಯಾರದು ಅಂತ ನಾನು ಕೇಳಲಿಲ್ಲ. ಒಂದು ಜೇಬಿನೊಳಗೆ ನನ್ನ ಹಳೆಯ ಕರೆಂಟ್ ಬಿಲ್ಲು ಕಾಣುತ್ತಿತ್ತು. "ಚಿಕ್ಕಮ್ಮ, ನೀನು ಆ ತಿಂಗಳು ಲೇಟಾಗಿ ಕಟ್ಟಿದ್ದೀಯಾ" ಅಂದ.

ಗೆಳತಿಯ ಮನೆಗೆ ಕೊನೆಯಲ್ಲಿ ಹೋದೆ. ನೋಟ್‌ಬುಕ್ ಎಲ್ಲಿ ಅಂದೆ. ಬೀರು ತೆಗೆದು, ಮೇಲಿನ ಅರೆಯಿಂದ ತೆಳು ಕಾಗದದಲ್ಲಿ ಸುತ್ತಿದ್ದನ್ನು ಎರಡೂ ಕೈಯಲ್ಲಿ ತಂದಳು. ನಾನು ಕೊಟ್ಟ ದಿನ ಹೇಗಿತ್ತೋ ಹಾಗೇ ಇದೆ.

"ಯಾಕೆ ಬರೆದಿಲ್ಲ?"

"ಇಷ್ಟು ಚೆನ್ನಾಗಿರೋದ್ರಲ್ಲಿ ಏನಂತ ಬರೀಲಿ ಹೇಳು. ನನ್ನ ಅಕ್ಷರ ನೋಡಿದ್ದೀಯಾ?"

ನೋಟ್‌ಬುಕ್ ಇಸಿದುಕೊಂಡೆ. ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು, ಮೊದಲ ಪುಟ ತೆರೆದು, ಸೊಟ್ಟಗೆ ಬರೆಯಲು ಶುರು ಮಾಡಿದೆ. 'ಒಗೆದ ಬಟ್ಟೆ' ಅಂತ ಮೇಲೆ. ಕೆಳಗೆ 4 ಟಾಪು, 2 ಪ್ಯಾಂಟು. ಪ್ಯಾಂಟು ಅನ್ನುವುದನ್ನು ತಪ್ಪಾಗಿ ಬರೆದು, ಹೊಡೆದುಹಾಕಿ, ಮತ್ತೆ ಬರೆದೆ. ಶಾಯಿ ಹರಡಿತು. 2 ಟವೆಲ್.

"ಅಯ್ಯೋ, ಏನೇ ಮಾಡ್ತಿದ್ದೀಯಾ, ಹಾಳು ಮಾಡಿದೆಯಲ್ಲೇ!" ಅಂತ ಕಿರುಚಿದಳು. ಆಮೇಲೆ ಪುಟವನ್ನೇ ಸ್ವಲ್ಪ ಹೊತ್ತು ನೋಡಿದಳು. ನನ್ನ ಕೈಯಿಂದ ಪೆನ್ನು ಕಿತ್ತುಕೊಂಡಳು.

"ಟವೆಲ್ ಎರಡಲ್ಲ ಕಣೇ, ಮೂರಿತ್ತು" ಅಂದಳು. 2 ಹೊಡೆದುಹಾಕಿ 3 ಅಂತ ಬರೆದಳು.